ಬೀದರಿಗೆ ಹೊತ್ತೊಯ್ದ ಪಾನ್‌ದಾನ್

ನಿಮ್ಮ ಮನೆಯಲ್ಲಿ ಹಳೆಯ ಹಿತ್ತಾಳೆ ಪಾತ್ರೆಗಳಿದ್ದರೆ ಹೇಗೆ ಬೆಳಗುತ್ತೀರಿ? ಹುಣಿಸೆ ಹಣ್ಣು, ಒಂದು ಹಿಡಿ ಬೂದಿ, ತೆಂಗಿನ ನಾರು. ನಮ್ಮ ಕರಾವಳಿಯ ಹೆಂಗಸರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ರಮಝಾನ್ ತಿಂಗಳಿಗೆ ಮುಂಚೆ ಮನೆಯನ್ನು ಗುಡಿಸಿ ಒರೆಸಿ ಶುಚಿ ಮಾಡುವಾಗ ನಾನೂ ಅದನ್ನೇ ಮಾಡಿದೆ. ಕಪಾಟಿನ ಮೇಲಿನ ಹಲಗೆಯಲ್ಲಿ ಸೊಸೆಯ ಪೆಟ್ಟಿಗೆಯ ಪಕ್ಕ ಒಂದು ಡಬ್ಬಿ ಇತ್ತು. ಮೈಯೆಲ್ಲ ಕಪ್ಪು ಹಿಡಿದಿತ್ತು, ನಡುನಡುವೆ ಬೆಳ್ಳಿಯ ಹೂಬಳ್ಳಿ ಇಣುಕುತ್ತಿತ್ತು. ಪಾಪ, ಬೆಳಗದೆ ಎಷ್ಟು ವರ್ಷವಾಯಿತೋ ಎಂದು ತೆಗೆದು, ಅರ್ಧ ಗಂಟೆ ಕುಳಿತು ಉಜ್ಜಿದೆ. ಕಪ್ಪು ಹೋಗಿ ಬೂದುಬಣ್ಣ ಬಂತು. ಇನ್ನೂ ಉಜ್ಜಿದೆ. ಕೊನೆಗೆ ಅಲ್ಲಲ್ಲಿ ತಗಡಿನ ಹಾಗೆ ಬೆಳ್ಳಗಾಯಿತು. ತೃಪ್ತಿಯಿಂದ ಅಂಗಳದ ಬಿಸಿಲಿಗೆ ಒಣಗಲು ಇಟ್ಟೆ.

ಸೊಸೆ ಬಂದು ನೋಡಿದಳು. "ಚೆನ್ನಾಗಿ ಬೆಳಗಿದ್ದೇನೆ ನೋಡು" ಎಂದೆ. ಅವಳು ಏನೂ ಹೇಳಲಿಲ್ಲ. ಡಬ್ಬಿಯನ್ನು ದುಪಟ್ಟಾದಲ್ಲಿ ಸುತ್ತಿಕೊಂಡು ಒಳಗೆ ಹೋದಳು. ರಾತ್ರಿ ಮಗ ಹೇಳಿದ: "ಉಮ್ಮಾ, ಅದು ಬಿದ್ರಿ ಪಾನ್‌ದಾನ್. ಅವಳ ಅಜ್ಜಿಗೆ ಅವರ ತಾಯಿ ಕೊಟ್ಟದ್ದು. ಆ ಕಪ್ಪು ಕೊಳೆಯಲ್ಲ, ಅದೇ ಅದರ ಬಣ್ಣ."

ನಾನು ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಿದವಳು. ಭೂಗೋಳ ನನ್ನ ಇಷ್ಟದ ವಿಷಯ. ಜನರು ಒಂದು ನಾಡಿನಿಂದ ಇನ್ನೊಂದು ನಾಡಿಗೆ ಹೋಗುವಾಗ ಊಟ, ಉಡುಪು, ಭಾಷೆ, ಕಸುಬುಗಳನ್ನು ಹೇಗೆ ಜೊತೆಗೆ ಒಯ್ಯುತ್ತಾರೆ, ಹೊಸ ನೆಲದಲ್ಲಿ ಅವು ಹೇಗೆ ಬದಲಾಗುತ್ತವೆ ಎಂದು ಕಪ್ಪು ಹಲಗೆಯ ಮೇಲೆ ಬಾಣದ ಗುರುತು ಹಾಕಿ ತೋರಿಸಿದ್ದೇನೆ. ಆದರೆ ಬೀದರಿನಿಂದ ಬಂಟ್ವಾಳ ತಾಲೂಕಿನ ನಮ್ಮ ಮನೆಗೆ ಒಂದು ಹೆಣ್ಣುಮಗಳು ತಂದ ಡಬ್ಬಿಯನ್ನು ಗುರುತಿಸಲು ನನ್ನಿಂದ ಆಗಲಿಲ್ಲ. ಅದು ಮಾತ್ರವಲ್ಲ. ಮದುವೆಯಾದ ಹೊಸತರಲ್ಲಿ ಅವಳಿಗೆ, "ಇಲ್ಲಿ ನಮ್ಮ ಬ್ಯಾರಿ ಭಾಷೆಯಲ್ಲೇ ಮಾತಾಡು. ನಿಮ್ಮ ಆ ಉರ್ದು ನಮಗೆ ಅರ್ಥವಾಗುವುದಿಲ್ಲ, ಅದು ಸರಿಯಾದ ಉರ್ದು ಸಹ ಅಲ್ಲವಂತೆ" ಎಂದು ಹೇಳಿದವಳೂ ನಾನೇ. ಅದಕ್ಕೂ ಅವಳು ಏನೂ ಹೇಳಿರಲಿಲ್ಲ.

ಚೊಚ್ಚಲ ಹೆರಿಗೆಗೆ ಅವಳು ತವರಿಗೆ ಹೋದಳು. ಹೆಣ್ಣು ಮಗು. ನಲವತ್ತು ಕಳೆದ ಮೇಲೆ ಬಾಣಂತಿಯನ್ನೂ ಮಗುವನ್ನೂ ಕರೆತರಲು ನಾನೇ ಹೋಗುತ್ತೇನೆ ಎಂದೆ. ಪಾನ್‌ದಾನನ್ನು ಹಳೆಯ ಹತ್ತಿ ಸೀರೆಯಲ್ಲಿ ಸುತ್ತಿ ಚೀಲದ ತಳದಲ್ಲಿಟ್ಟೆ.

ನಮ್ಮ ಕಡೆಯಿಂದ ಬೀದರಿಗೆ ಹೋಗುವುದೆಂದರೆ ಎರಡು ರಾತ್ರಿಯ ಪ್ರಯಾಣ. ಒಂದು ರಾತ್ರಿ ಬೆಂಗಳೂರಿಗೆ ಬಸ್ಸು, ಇನ್ನೊಂದು ರಾತ್ರಿ ರೈಲು. ರಾಜ್ಯದ ಒಂದು ಮೂಲೆಯಿಂದ ಎದುರಿನ ಮೂಲೆಗೆ! ಬೆಂಗಳೂರಿಗೆ ಸುಮಾರು 700 ಕಿ.ಮೀ. ದೂರವಿರುವ ಈ ಊರಿಗೆ ಹೈದರಾಬಾದ್ 150 ಕಿ.ಮೀ. ಒಳಗೇ ಇದೆ. 1948ರವರೆಗೆ ನಿಜಾಮರ ಆಡಳಿತ, 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯ, ಆಮೇಲೆ ಮೈಸೂರು ರಾಜ್ಯ. ಕನ್ನಡ, ಮರಾಠಿ, ತೆಲುಗು, ಉರ್ದು ನಾಲ್ಕೂ ಒಂದೇ ತರಕಾರಿ ಅಂಗಡಿಯ ಮುಂದೆ ಕೇಳುತ್ತವೆ. ನೀವು ಹೋಗುವುದಾದರೆ ಚಳಿಗಾಲದಲ್ಲಿ ಹೋಗಿ. ಕನಿಷ್ಠ ಎರಡು ಪೂರ್ತಿ ದಿನ ಇಟ್ಟುಕೊಳ್ಳಿ.

ಉತ್ತರ ಕರ್ನಾಟಕವೆಂದರೆ ಕರಿಮಣ್ಣಿನ ಬಯಲು ಎಂದು ನೀವೂ ನನ್ನಂತೆ ಎಣಿಸಿರಬಹುದು. ಬೆಳಗ್ಗೆ ರೈಲಿನಿಂದ ಇಳಿದು ಆಟೋದಲ್ಲಿ ಹೋಗುವಾಗ ನನಗೆ ಕಂಡದ್ದು ಕೆಂಪು ನೆಲ. ರಸ್ತೆ ಬದಿಯ ಕಡಿದ ದರೆಯಲ್ಲಿ ತೂತು ತೂತಾದ ಕೆಂಪು ಕಲ್ಲು. ಮುರಕಲ್ಲು! ನಮ್ಮ ಮನೆಯ ಗೋಡೆಗೆ, ಬಾವಿಯ ಕಟ್ಟೆಗೆ, ಪಾಗಾರಕ್ಕೆ ಹಾಕಿದ ಅದೇ ಕಲ್ಲು ಇಲ್ಲಿ ಸುಲ್ತಾನರ ಕೋಟೆಯ ಗೋಡೆಯಾಗಿದೆ. ಸುತ್ತಲಿನ ಬಯಲಿಗಿಂತ ಎತ್ತರದಲ್ಲಿ ಮುರಕಲ್ಲಿನ ಒಂದು ದಿಬ್ಬ, ಅದರ ಅಂಚಿನಲ್ಲಿ ಬೀದರ್. ಅಷ್ಟು ದೂರ ಬಂದ ಮೇಲೆ ಪರಿಚಿತರೊಬ್ಬರು ಸಿಕ್ಕಿದ ಹಾಗಾಯಿತು ನನಗೆ.

ಬೀಗಿತ್ತಿ ಬಾಗಿಲಲ್ಲೇ ನಿಂತಿದ್ದರು. "ಆವೋ ಆಪಾ, ಆವೋ" ಎಂದು ಕೈಹಿಡಿದು ಒಳಗೆ ಕರೆದುಕೊಂಡು ಹೋದರು. ಮಗುವನ್ನು ಮಡಿಲಿಗೆ ಹಾಕಿದರು. ಆಮೇಲಿನ ಒಂದು ಗಂಟೆಯ ವಿಷಯ ನಿಮಗೆ ಹೇಳಬೇಕಾಗಿಲ್ಲ, ಅಜ್ಜಿಯಾದವರಿಗೆಲ್ಲ ಗೊತ್ತು. ಮಧ್ಯಾಹ್ನ ಊಟಕ್ಕೆ ಜೋಳದ ರೊಟ್ಟಿ, ಬಗಾರಾ ಬೈಂಗನ್, ಹುಣಿಸೆ ಹಿಂಡಿದ ಖಟ್ಟಿ ದಾಲ್. ಶೇಂಗಾ, ಎಳ್ಳು ಹುರಿದು ಅರೆದ ಆ ಬದನೆಕಾಯಿಯ ಮಸಾಲೆಯನ್ನು ಬೀಗಿತ್ತಿ "ನಮ್ಮ ಬಾದಶಾಹರ ಕಾಲದ ಅಡುಗೆ" ಎಂದರು. ನಾನು ಮೇಷ್ಟ್ರಮ್ಮ ಅಲ್ಲವೇ, ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಬೀದರಿನ ದೊಡ್ಡ ವಜೀರ ಮಹ್ಮೂದ್ ಗಾವಾನ್ ತೀರಿಕೊಂಡದ್ದು 1481ರಲ್ಲಿ. ಕೊಲಂಬಸ್ ಅಮೆರಿಕ ಮುಟ್ಟಿದ್ದು 1492ರಲ್ಲಿ, ವಾಸ್ಕೋ ಡ ಗಾಮಾ ಕಲ್ಲಿಕೋಟೆಗೆ ಬಂದದ್ದು 1498ರಲ್ಲಿ. ಮೆಣಸಿನಕಾಯಿಯೂ ಶೇಂಗಾವೂ ಅಮೆರಿಕದ ಬೆಳೆಗಳು, ಪೋರ್ಚುಗೀಸರ ಹಡಗುಗಳ ನಂತರವೇ ಇಲ್ಲಿಗೆ ಬಂದವು. ಅಂದರೆ ಗಾವಾನ್ ತನ್ನ ಜೀವಮಾನದಲ್ಲಿ ಒಂದು ಹಸಿಮೆಣಸನ್ನೂ ಕಚ್ಚಿದವನಲ್ಲ! ಇದನ್ನು ಬೀಗಿತ್ತಿಗೆ ಹೇಳಲಿಲ್ಲ. ಹೇಳುವುದಾದರೆ ನಮ್ಮ ಪತ್ತಿರಿನ ವಿಷಯವನ್ನೂ ಹೇಳಬೇಕು. ಆ ಹೆಸರು ಅರಬ್ಬಿಯ 'ಫತೀರ'ದಿಂದ ಬಂದದ್ದು ಎನ್ನುತ್ತಾರೆ. ಗೋಧಿಯ ನಾಡಿನ ಹೆಸರು ಕಡಲು ದಾಟಿ ಬಂದು ನಮ್ಮ ಅಕ್ಕಿಹಿಟ್ಟಿಗೆ ಅಂಟಿಕೊಂಡಿತು. ನಾವು ಅದನ್ನು 'ನಮ್ಮದೇ' ಎನ್ನುತ್ತೇವೆ. ನಮ್ಮದಲ್ಲದೆ ಮತ್ತೆ ಯಾರದ್ದು?

ಮರುದಿನ ಸೊಸೆಯ ತಮ್ಮ ನನ್ನನ್ನು ಊರ ಹೊರಗಿನ ನೌಬಾದಿಗೆ ಕರೆದುಕೊಂಡು ಹೋದ. "ಅಮ್ಮೀ, ನಿಮಗೆ ಕೋಟೆಗಿಂತ ಮೊದಲು ಒಂದು ಬಾವಿ ತೋರಿಸುತ್ತೇನೆ" ಎಂದ. ನೋಡಿದರೆ ಒಂದು ಬಾವಿಯಲ್ಲ, ಸಾಲಾಗಿ ಬಾವಿಗಳು. ಇಣುಕಿದರೆ ಆಳದಲ್ಲಿ ಒಂದರಿಂದ ಇನ್ನೊಂದಕ್ಕೆ ಸುರಂಗ. ಇದಕ್ಕೆ ಇಲ್ಲಿ ಕರೇಜ್ ಎನ್ನುತ್ತಾರೆ. ಎತ್ತರದ ಜಾಗದಲ್ಲಿ ಒಂದು ತಾಯಿಬಾವಿ ತೋಡಿ ನೀರಿನ ಸೆಲೆ ಹಿಡಿಯುತ್ತಾರೆ. ಅಲ್ಲಿಂದ ನೆಲದ ಒಳಗೇ ತುಸುತುಸು ಇಳಿಜಾರಾಗಿ ಸುರಂಗ ಕೊರೆಯುತ್ತಾರೆ. ಅಲ್ಲಲ್ಲಿ ಗಾಳಿ ಬೆಳಕಿಗೆ, ಮಣ್ಣು ಮೇಲೆತ್ತುವುದಕ್ಕೆ, ಆಮೇಲೆ ನೀರು ಸೇದುವುದಕ್ಕೆ ಈ ಬಾವಿಗಳು. ಎತ್ತು ಬೇಡ, ಪಂಪು ಬೇಡ. ನೀರು ತಾನಾಗಿ ಹರಿದು ಊರಿಗೆ ಬರುತ್ತದೆ, ಬಿಸಿಲಿಗೆ ಆರಿ ಹೋಗುವುದಿಲ್ಲ. ನೌಬಾದಿನ ಸುರಂಗ ಎರಡು ಕಿ.ಮೀ.ಗಿಂತಲೂ ಉದ್ದವಿದೆ. ದಿಬ್ಬದ ಮುರಕಲ್ಲು ಮಳೆನೀರನ್ನು ಸ್ಪಂಜಿನ ಹಾಗೆ ಹೀರುತ್ತದೆ, ಕೆಳಗಿನ ಗಟ್ಟಿ ಕರಿಕಲ್ಲು ಅದನ್ನು ತಡೆದು ನಿಲ್ಲಿಸುತ್ತದೆ. ಎರಡರ ನಡುವೆ ಹರಿಯುವ ನೀರೇ ಕರೇಜಿನ ಬಂಡವಾಳ. ಗುರುದ್ವಾರದ ನಾನಕ್ ಝಿರಾದಲ್ಲಿ ಚಿಮ್ಮುವುದೂ ಇಂತಹ ನೀರೇ. ಎಷ್ಟೋ ಕಾಲ ಹೂಳು, ಕಸ ತುಂಬಿ ಮರೆತೇಹೋಗಿದ್ದ ಈ ಸುರಂಗವನ್ನು 2010ರ ದಶಕದಲ್ಲಿ ಸ್ವಚ್ಛಗೊಳಿಸಿದರು.

ಈ ವಿದ್ಯೆಯ ತವರು ಇರಾನ್. ಅಲ್ಲಿ ಇದಕ್ಕೆ ಕನಾತ್ ಎಂದು ಹೆಸರು. 2016ರಲ್ಲಿ ಅಲ್ಲಿನ ಹನ್ನೊಂದು ಕನಾತ್‌ಗಳನ್ನು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಒಮಾನಿನಲ್ಲಿ ಇಂತಹದ್ದೇ ಫಲಜ್, ಮೊರಾಕ್ಕೋದಲ್ಲಿ ಖತ್ತಾರಾ, ಚೀನಾದ ತುರ್ಫಾನಿನಲ್ಲಿ ಬೀದರಿನಂತೆಯೇ ಕರೇಜ್. ಅರಬರೊಂದಿಗೆ ಸ್ಪೇನಿಗೆ ಹೋಯಿತು, ಸ್ಪೇನಿನವರೊಂದಿಗೆ ಮೆಕ್ಸಿಕೋಕ್ಕೂ ಹೋಯಿತು. ಬೀದರಿಗೆ ತಂದವರು ಬಹಮನಿ ಸುಲ್ತಾನರು. 1347ರಲ್ಲಿ ಆರಂಭವಾದ ಆ ರಾಜ್ಯದ ರಾಜಧಾನಿಯನ್ನು ಅಹ್ಮದ್ ಶಾಹ್ ವಲಿ (1422-1436) ಗುಲ್ಬರ್ಗದಿಂದ ಬೀದರಿಗೆ ಬದಲಾಯಿಸಿದ. ಇರಾನಿನ ಕಿರ್ಮಾನಿನ ಸೂಫಿ ಶಾಹ್ ನಿಅಮತುಲ್ಲಾರನ್ನು ಕರೆಸಲು ಅವನು ಪ್ರಯತ್ನಿಸಿದ್ದ. ಅವರು ಬರಲಿಲ್ಲ, ಮೊಮ್ಮಗನನ್ನು ಕಳಿಸಿದರು, ಆಮೇಲೆ ಮಗ ಖಲೀಲುಲ್ಲಾ ಬಂದರು. ಅವರ ಹಿಂದೆ ವಿದ್ವಾಂಸರು, ವ್ಯಾಪಾರಿಗಳು, ಕುಶಲಕರ್ಮಿಗಳು ಬಂದರು.

ಇಲ್ಲಿ ಸ್ವಲ್ಪ ಪಾಠ ಮಾಡುತ್ತೇನೆ, ಬೇಸರಿಸಬೇಡಿ. ಸಾಂಸ್ಕೃತಿಕ ಭೂಗೋಳ ಎಂಬ ಒಂದು ಶಾಖೆಯಿದೆ. ಅಮೆರಿಕದ ಕಾರ್ಲ್ ಸೌವರ್ ಎಂಬ ಭೂಗೋಳ ತಜ್ಞರು 1925ರಲ್ಲಿ ಒಂದು ಪ್ರಬಂಧ ಬರೆದು, ನೆಲವನ್ನು ನೋಡುವಾಗ ಬೆಟ್ಟ ಹೊಳೆಗಳನ್ನು ಮಾತ್ರ ನೋಡಬೇಡಿ, ಮನುಷ್ಯರ ಸಂಸ್ಕೃತಿ ಆ ನೆಲವನ್ನು ಹೇಗೆ ರೂಪಿಸಿದೆ ಎಂದು ನೋಡಿ ಎಂದರು. ಒಂದು ಪದ್ಧತಿ ಹುಟ್ಟಿದ ಜಾಗವನ್ನು ಈ ಶಾಸ್ತ್ರದವರು 'ಒಲೆ' ಎಂಬ ಅರ್ಥದ ಮಾತಿನಿಂದ ಕರೆಯುತ್ತಾರೆ. ನಾನು ತರಗತಿಯಲ್ಲಿ 'ತವರು' ಎನ್ನುತ್ತಿದ್ದೆ. ತವರಿನಿಂದ ಅದು ಹೊರಡುವ ದಾರಿಗಳು ಹಲವು. ಕೆಲವೊಮ್ಮೆ ಮನುಷ್ಯರೇ ಊರು ಬಿಟ್ಟು ಹೋಗುತ್ತಾರೆ, ಜೊತೆಯಲ್ಲಿ ಅದೂ ಹೋಗುತ್ತದೆ, ಮದುವೆಯಾದ ಹುಡುಗಿಯ ಪೆಟ್ಟಿಗೆಯಂತೆ. ಕೆಲವೊಮ್ಮೆ ಯಾರೂ ಕದಲುವುದಿಲ್ಲ, ನೆರೆಮನೆಯವಳು ಬೇಲಿಯಾಚೆಯಿಂದ ನೋಡಿ ಕಲಿಯುತ್ತಾಳೆ. ಸ್ವೀಡನ್ನಿನ ಟಾರ್‌ಸ್ಟೆನ್ ಹೇಗರ್‌ಸ್ಟ್ರಾಂಡ್ ಎಂಬವರು ತಮ್ಮ ದೇಶದ ಹಳ್ಳಿಗಳಲ್ಲಿ ಹೊಸ ಕೃಷಿ ಕ್ರಮಗಳು ರೈತನಿಂದ ಪಕ್ಕದ ರೈತನಿಗೆ ಹೇಗೆ ದಾಟುತ್ತವೆ ಎಂದು ನಕ್ಷೆಗಳ ಮೇಲೆ ಗುರುತಿಸಿ 1953ರಲ್ಲಿ ಗ್ರಂಥವನ್ನೇ ಪ್ರಕಟಿಸಿದರು. ಮತ್ತೆ ಕೆಲವು ಆಸ್ಥಾನದಿಂದ ಆರಂಭವಾಗಿ ಕೆಳಗಿಳಿಯುತ್ತವೆ. ಸುಲ್ತಾನ ಮಾಡಿದ್ದನ್ನು ಅಮೀರ, ಅಮೀರ ಮಾಡಿದ್ದನ್ನು ಪೇಟೆಯವನು. ಬೀದರಿನ ಕರೇಜಿನಲ್ಲಿ ಮೊದಲನೆಯದೂ ಕೊನೆಯದೂ ಸೇರಿವೆ.

ಆದರೆ ನಮ್ಮೂರಿನ ಸುರಂಗಗಳ ಸಂಗತಿಯೇನು? ವಿಟ್ಲ, ಮಾಣಿಲ, ಬಾಯಾರು, ಕಾಸರಗೋಡಿನ ಕಡೆ ನೆಂಟರಿರುವವರಿಗೆ ಗೊತ್ತು, ಗುಡ್ಡದ ಮುರಕಲ್ಲಿಗೆ ಅಡ್ಡಲಾಗಿ ಕೊರೆದ ಸುರಂಗದಿಂದ ಅಡಿಕೆ ತೋಟಕ್ಕೆ, ಅಡುಗೆಮನೆಗೆ ನೀರು ಬರುತ್ತದೆ. ಅಡ್ಯನಡ್ಕದ ಸಮೀಪದ ಅಮೈ ಮಹಾಲಿಂಗ ನಾಯ್ಕರು ಒಬ್ಬಂಟಿಯಾಗಿ ಸುರಂಗಗಳನ್ನು ಕೊರೆದು ಬೋಳುಗುಡ್ಡದಲ್ಲಿ ತೋಟ ಮಾಡಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಈ ವಿದ್ಯೆ ಅರಬ್ಬಿ, ಪರ್ಶಿಯನ್ ವ್ಯಾಪಾರಿಗಳೊಂದಿಗೆ ಕಡಲ ದಾರಿಯಲ್ಲಿ ಬಂತು ಎನ್ನುವ ವಿದ್ವಾಂಸರಿದ್ದಾರೆ. ಇಲ್ಲ, ಇದೇ ಕಲ್ಲಿನ ಮೇಲೆ ಬದುಕಿದ ಜನ ತಾವಾಗಿ ಕಂಡುಕೊಂಡದ್ದು ಎನ್ನುವವರೂ ಇದ್ದಾರೆ. ಕರೇಜ್ ದೊಡ್ಡದು, ಅರಸರ ಖರ್ಚಿನದ್ದು, ಸಾಲುಬಾವಿಗಳದ್ದು. ನಮ್ಮ ಸುರಂಗ ಚಿಕ್ಕದು, ಒಂದು ಮನೆಯದ್ದು, ಹೆಚ್ಚಾಗಿ ಸಾಲುಬಾವಿಗಳಿಲ್ಲದ್ದು. ನನಗೆ ಎರಡನೆಯ ವಾದವೇ ಹೆಚ್ಚು ಸರಿ ಎನಿಸುತ್ತದೆ. ಎಲ್ಲ ಹೋಲಿಕೆಗೂ ನೆಂಟಸ್ತಿಕೆಯೇ ಕಾರಣವಾಗಬೇಕಿಲ್ಲ. ಒಂದೇ ಕಲ್ಲು, ಒಂದೇ ಬಾಯಾರಿಕೆ ಇದ್ದರೆ ಒಂದೇ ಉಪಾಯ ಎರಡು ಕಡೆ ಹೊಳೆಯಬಹುದು.

ಅಲ್ಲಿಂದ ಪೇಟೆಗೆ ಬಂದು ಗಾವಾನರ ಮದ್ರಸಾ ನೋಡಿದೆವು. ಇರಾನಿನ ಗೀಲಾನಿನವನಾದ ಮಹ್ಮೂದ್ ಗಾವಾನ್ 1453ರ ಸುಮಾರಿಗೆ ವ್ಯಾಪಾರಿಯಾಗಿ ಬೀದರಿಗೆ ಬಂದವನು, ವಜೀರನಾದ. 1472ರಲ್ಲಿ ಖುರಾಸಾನಿನ ಮದ್ರಸಾಗಳ ಮಾದರಿಯಲ್ಲಿ ಮೂರು ಅಂತಸ್ತಿನ ಈ ವಿದ್ಯಾಲಯ ಕಟ್ಟಿಸಿದ. ನಡುವೆ ದೊಡ್ಡ ಅಂಗಳ, ಸುತ್ತ ತರಗತಿಗಳು, ಗ್ರಂಥಾಲಯ, ಗುರುಗಳಿಗೂ ವಿದ್ಯಾರ್ಥಿಗಳಿಗೂ ಕೋಣೆಗಳು. ಮುಂಭಾಗಕ್ಕೆಲ್ಲ ನೀಲಿ, ಹಳದಿ, ಬಿಳಿ ಹೆಂಚುಗಳ ಹೊದಿಕೆ. ಈಗ ಒಂದು ಮಿನಾರು, ಸ್ವಲ್ಪ ಹೆಂಚು ಉಳಿದಿವೆ. 17ನೇ ಶತಮಾನದ ಕೊನೆಗೆ, ಔರಂಗಜೇಬನ ಕಾಲದಲ್ಲಿ, ಒಳಗೆ ಸಂಗ್ರಹಿಸಿದ್ದ ಸಿಡಿಮದ್ದು ಸ್ಫೋಟಿಸಿ ಒಂದು ಪಾರ್ಶ್ವವೇ ಹೋಯಿತು. ಶಾಲೆಯಲ್ಲಿ ಮದ್ದು ತುಂಬಿಸಿದವರ ಬುದ್ಧಿಗೆ ಏನೆನ್ನಬೇಕು!

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಕಟ್ಟಡವಲ್ಲ, ಅವನು ಸತ್ತ ರೀತಿ. ಬೀದರಿನ ಆಸ್ಥಾನದಲ್ಲಿ ಎರಡು ಗುಂಪು. ಇರಾನ್, ಅರೇಬಿಯಾ, ತುರ್ಕಿಯ ಕಡೆಯಿಂದ ಹೊಸದಾಗಿ ಬಂದವರು ಆಫಾಕಿಗಳು. ಮೊದಲೇ ಬಂದು ನೆಲೆಸಿದವರು, ಇಲ್ಲಿಯವರು ದಖ್ಖನಿಗಳು. 'ನಾವು ಈ ಮನೆಯವರು, ನೀವು ಹೊರಗಿನವರು' ಎಂಬ ಜಗಳ. ದಖ್ಖನಿಗಳು ಎಂದರೆ ಯಾರು? 1327ರಲ್ಲಿ ಮುಹಮ್ಮದ್ ಬಿನ್ ತುಘಲಕ್ ರಾಜಧಾನಿಯನ್ನು ದೌಲತಾಬಾದಿಗೆ ಒಯ್ದಾಗ ದೆಹಲಿಯಿಂದ ಬಂದವರ ಮಕ್ಕಳು ಮೊಮ್ಮಕ್ಕಳೂ ಅವರಲ್ಲಿದ್ದರು. ಒಂದು ನೂರು ವರ್ಷ ಮೊದಲು ಬಂದವರು ನಂತರ ಬಂದವರನ್ನು ಹೊರಗಿನವರು ಎಂದರು! ಗಾವಾನ್ ಎರಡೂ ಕಡೆಯವರಿಗೆ ಹುದ್ದೆ ಹಂಚಿ ಸಮತೋಲನ ಮಾಡಲು ನೋಡಿದ. ವಿರೋಧಿಗಳು ಅವನ ಮೊಹರು ಒತ್ತಿದ ಖೋಟಾ ಪತ್ರವೊಂದನ್ನು ಸೃಷ್ಟಿಸಿದರು. ಒರಿಸ್ಸಾದ ಅರಸನನ್ನು ದಂಡೆತ್ತಿ ಬರಲು ಕರೆಯುವ ಪತ್ರ. 1481ರಲ್ಲಿ ಸುಲ್ತಾನ ಮೂರನೇ ಮುಹಮ್ಮದ್ ಶಾಹ್ ವಿಚಾರಣೆಯಿಲ್ಲದೆ ಅವನನ್ನು ಕೊಲ್ಲಿಸಿದ. ಮರುವರ್ಷ ಸುಲ್ತಾನನೂ ಸತ್ತ. ರಾಜ್ಯ ಹರಿದು ಬಿಜಾಪುರ, ಅಹ್ಮದ್‌ನಗರ, ಗೋಲ್ಕೊಂಡ, ಬೆರಾರ್, ಬೀದರ್ ಎಂದು ಐದಾಯಿತು.

ಆ ಅಂಗಳದ ಕಲ್ಲಿನ ಮೇಲೆ ಕುಳಿತು ನಾನು ಅರಸರ ವಿಷಯ ಯೋಚಿಸಲಿಲ್ಲ. 'ಇಲ್ಲಿ ನಮ್ಮ ಭಾಷೆಯಲ್ಲೇ ಮಾತಾಡು' ಎಂದದ್ದು ನೆನಪಾಯಿತು.

ಅಂದು ರಾತ್ರಿ ಸೊಸೆ ಮತ್ತು ಅವಳ ಅಮ್ಮ ಮಾತಾಡುವುದನ್ನು ಮೊದಲ ಬಾರಿ ಕಿವಿಗೊಟ್ಟು ಕೇಳಿದೆ. ಮನೆಯ ಹುಡುಗ ಫೋನಿನಲ್ಲಿ ಏನೋ ಹೇಳಿದ್ದಕ್ಕೆ ಬೀಗಿತ್ತಿ ಹೇಳಿದರು: "ಕಲ್ ಆತೂಂ ಬೋಲ್ಕೆ ಬೋಲ್ಯಾ." ನಾಳೆ ಬರ್ತೀನಿ ಅಂತ ಹೇಳಿದ. ದೆಹಲಿ, ಲಕ್ನೋದ ಉರ್ದುವಿನಲ್ಲಾದರೆ 'ಅವನು ಹೇಳಿದ' ಎಂಬುದು ಮೊದಲು ಬರುತ್ತದೆ, ಆಮೇಲೆ 'ಕೆ', ಆಮೇಲೆ ಅವನ ಮಾತು. ಇಲ್ಲಿ ಅವನ ಮಾತೇ ಮೊದಲು, ನಂತರ 'ಬೋಲ್ಕೆ', ಕೊನೆಗೆ 'ಹೇಳಿದ'. ಕನ್ನಡದ 'ಅಂತ' ಕುಳಿತಿರುವ ಜಾಗದಲ್ಲೇ 'ಬೋಲ್ಕೆ' ಕುಳಿತಿದೆ! ಶಬ್ದಗಳು ಉತ್ತರದಿಂದ ಬಂದವು, ಮಾತಿನ ಎಲುಬು ಈ ನೆಲದ್ದು. ಬೇಡ ಎನ್ನಲು 'ನಕ್ಕೋ' ಎನ್ನುತ್ತಾರೆ, ಅದು ಮರಾಠಿಯ 'ನಕೊ'. ಇದು ಕೆಟ್ಟ ಉರ್ದುವಲ್ಲ, ದಖ್ಖನಿ. 15ನೇ ಶತಮಾನದಲ್ಲೇ ಇದೇ ಬೀದರಿನಲ್ಲಿ ಫಖ್ರುದ್ದೀನ್ ನಿಜಾಮಿ ಎಂಬ ಕವಿ ಈ ಭಾಷೆಯಲ್ಲಿ 'ಕದಮ್ ರಾವ್ ಪದಮ್ ರಾವ್' ಎಂಬ ಕಥನಕಾವ್ಯ ಬರೆದ. ನಮಗೆ ಸಿಕ್ಕಿರುವ ದಖ್ಖನಿ ಕಾವ್ಯಗಳಲ್ಲಿ ಅದೇ ಮೊದಲನೆಯದು. ನಾಯಕರ ಹೆಸರು ನೋಡಿದಿರಲ್ಲ, ಯಾವ ಊರಿನವು! ನಮ್ಮ ಬ್ಯಾರಿ ಭಾಷೆಯ ಕಥೆ ಬೇರೆಯೇ? ಮಲಯಾಳದ ನೆಂಟಸ್ತಿಕೆ, ತುಳುವಿನ ಸಹವಾಸ, ಅರಬ್ಬಿಯ ಶಬ್ದಗಳು. ಅದನ್ನೂ ಭಾಷೆಯೇ ಅಲ್ಲ ಎಂದವರಿದ್ದರು. 2009ರಲ್ಲಿ ಅದಕ್ಕೊಂದು ಸಾಹಿತ್ಯ ಅಕಾಡೆಮಿ ಆದಾಗ ನಾವೆಲ್ಲ ಎಷ್ಟು ಸಂತೋಷಪಟ್ಟಿದ್ದೆವು.

ಮೂರನೆಯ ದಿನ ಪಾನ್‌ದಾನನ್ನು ಹೊರತೆಗೆದೆ. ಬಿದ್ರಿ ಕೆಲಸದ ಒಂದು ಅಂಗಡಿಗೆ ಸೊಸೆಯ ತಮ್ಮ ಕರೆದೊಯ್ದ. ಚಿಕ್ಕ ಕೋಣೆ, ನೆಲದ ಮೇಲೆ ಕುಳಿತು ನಾಲ್ಕು ಜನ ಕೆಲಸ ಮಾಡುತ್ತಿದ್ದರು, ಅವರಲ್ಲಿ ಒಬ್ಬಳು ಹುಡುಗಿ. ಹಿರಿಯ ಉಸ್ತಾದರು ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಯಾರು ಮಾಡಿದ್ದು ಎಂದು ಕೇಳಿದರು. ನಾನೇ ಎಂದೆ. ಅವರು ನಗಲೂ ಇಲ್ಲ, ಬೈಯಲೂ ಇಲ್ಲ. "ಯೇ ಕಾಲಾ ಮೈಲ್ ನೈ ಆಪಾ, ಯೇ ಇಸ್ಕಾ ರಂಗ್ ಹೈ" ಎಂದರು. ಕೊಳೆಯಲ್ಲ, ಇದರ ಬಣ್ಣ. ನಂತರ ಎದುರಿಗೆ ಕೂರಿಸಿಕೊಂಡು ತೋರಿಸಿದರು.

ಲೋಹ ಎಂದರೆ ಬಹುಪಾಲು ಸತು, ಸ್ವಲ್ಪ ತಾಮ್ರ. 16 ಪಾಲಿಗೆ 1 ಪಾಲು ಎಂಬುದು ಸಾಮಾನ್ಯ ಲೆಕ್ಕ. ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ದು, ಅರದಿಂದ ಉಜ್ಜಿ ನಯ ಮಾಡುತ್ತಾರೆ. ಮೈಲುತುತ್ತಿನ ನೀರು ಬಳಿದರೆ ತಾತ್ಕಾಲಿಕವಾಗಿ ಕಪ್ಪಾಗುತ್ತದೆ, ಅದರ ಮೇಲೆ ಉಕ್ಕಿನ ಮೊನೆಯಿಂದ ಚಿತ್ರ ಬರೆಯುತ್ತಾರೆ. ಅಡಿಕೆಯ ಕೊಳೆರೋಗಕ್ಕೆ ನಾವು ಸುಣ್ಣದ ಜೊತೆ ಕಲಸಿ ಹೊಡೆಯುವ ಅದೇ ಮೈಲುತುತ್ತು! ಬರೆದ ಗೆರೆಯನ್ನು ಚಿಕ್ಕ ಉಳಿಯಿಂದ ಕೊರೆದು, ಆ ಕಾಲುವೆಯಲ್ಲಿ ಬೆಳ್ಳಿ ತಂತಿಯನ್ನಿಟ್ಟು ಸುತ್ತಿಗೆಯಿಂದ ಬಡಿದು ಕೂರಿಸುತ್ತಾರೆ. ಇದು ತಾರ್‌ಕಶಿ. ತಂತಿಯ ಬದಲು ಬೆಳ್ಳಿ ತಗಡನ್ನು ಕೂರಿಸಿದರೆ ತೆಹ್‌ನಿಶಾನ್. ಇಷ್ಟಾದ ಮೇಲೆ ಎಲ್ಲವನ್ನೂ ಉಜ್ಜಿದಾಗ ಬೆಳ್ಳಿಯೂ ಲೋಹವೂ ಒಂದೇ ಬಿಳುಪಾಗಿ ಹೂವು ಮಾಯವಾಗುತ್ತದೆ. ನಾನು ಹುಣಿಸೆ ಹಣ್ಣಿನಿಂದ ತಂದ ಸ್ಥಿತಿ ಇದೇ.

ಈಗ ಮಣ್ಣಿನ ಸರದಿ. ಬೀದರಿನ ಕೋಟೆಯ ಹಳೆಯ ಕಟ್ಟಡಗಳ ಒಳಗೆ, ಶತಮಾನಗಳಿಂದ ಮಳೆ ಬಿಸಿಲು ತಾಗದ ಜಾಗದ ಮಣ್ಣು. ಅದನ್ನು ನಾಲಗೆಯ ತುದಿಗೆ ಹಚ್ಚಿ ನೋಡುತ್ತಾರೆ, ರುಚಿಯಿಂದಲೇ ಆಗುತ್ತದೋ ಇಲ್ಲವೋ ಎಂದು ತಿಳಿಯುತ್ತದೆ. ಮಣ್ಣನ್ನು ನವಸಾಗರದ ಜೊತೆ ನೀರಿನಲ್ಲಿ ಕಲಸಿ, ತುಸು ಬಿಸಿ ಮಾಡಿದ ಪಾತ್ರೆಗೆ ಹಚ್ಚುತ್ತಾರೆ. ಸತುವಿನ ಲೋಹ ಕಣ್ಣೆದುರೇ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹಾಗೇ ಉಳಿಯುತ್ತದೆ. ಹಳೆಯ ಗೋಡೆಗಳ ಅಡಿಯ ಮಣ್ಣಿನಲ್ಲಿ ಸೇರಿಕೊಂಡ ಲವಣಗಳ ಕೆಲಸ ಇದು ಎನ್ನುತ್ತಾರೆ ತಜ್ಞರು.

ಲೋಹಕ್ಕೆ ಬೆಳ್ಳಿ ಕೂರಿಸುವ ವಿದ್ಯೆ ಪಶ್ಚಿಮ ಏಷ್ಯಾದ್ದು. ಇರಾಕಿನ ಮೋಸುಲ್ ನಗರ 13ನೇ ಶತಮಾನದಲ್ಲೇ ಅದಕ್ಕೆ ಹೆಸರಾಗಿತ್ತು. ಆದರೆ ಅಲ್ಲಿ ಕೂರಿಸಿದ್ದು ಹಿತ್ತಾಳೆಗೆ. ಸತುವನ್ನು ಬಟ್ಟಿ ಇಳಿಸಿ ತೆಗೆಯುವುದು ನಮ್ಮ ದೇಶಕ್ಕೆ ಯುರೋಪಿಗಿಂತ ಶತಮಾನಗಳ ಮೊದಲೇ ಗೊತ್ತಿತ್ತು, ರಾಜಸ್ಥಾನದ ಝಾವರ್ ಗಣಿಗಳಲ್ಲಿ ಅದರ ಕುರುಹುಗಳಿವೆ. ಪರ್ಶಿಯನ್ ಕೈಚಳಕ ಹಿಂದೂಸ್ತಾನದ ಸತುವನ್ನು ಸೇರಿ, ಬೀದರಿನ ಮಣ್ಣು ಹಚ್ಚಿಕೊಂಡು ಆದದ್ದು ಬಿದ್ರಿ. ಆಮೇಲೆ ಅದು ಹೈದರಾಬಾದ್, ಲಕ್ನೋ, ಬಂಗಾಳದ ಮುರ್ಷಿದಾಬಾದಿಗೂ ಹೋಯಿತು. ವಸ್ತುಗಳೂ ಬದಲಾದವು. ಹಳೆಯ ಬಿದ್ರಿಯಲ್ಲಿ ಹೆಚ್ಚು ಕಾಣುವುದು ಹುಕ್ಕಾದ ಬುಡ. ಹೊಗೆಸೊಪ್ಪು ಅಮೆರಿಕದ್ದು, ಪೋರ್ಚುಗೀಸರು ತಂದದ್ದು. ಅಕ್ಬರನ ಆಸ್ಥಾನಕ್ಕೆ 1604ರಲ್ಲಿ ಅದನ್ನು ಒಯ್ದವನು ಬಿಜಾಪುರದಿಂದ ಮರಳಿದ ಅಸದ್ ಬೇಗ್. ಕೆಟ್ಟ ಚಟವೂ ಒಂದು ಸಂಸ್ಕೃತಿಯೇ, ಅದಕ್ಕೂ ಕಾಲುಗಳಿವೆ! ಹುಕ್ಕಾ ಹೋದ ಮೇಲೆ ಹೂದಾನಿ, ಸಿಗರೇಟು ಪೆಟ್ಟಿಗೆ, ಈಗ ಲ್ಯಾಂಪು, ನಾಮಫಲಕ, ಪೆನ್ ಡ್ರೈವಿನ ಹೊರಕವಚ. 2006ರಲ್ಲಿ ಬಿದ್ರಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. 2023ರಲ್ಲಿ ಬೀದರಿನ ಕುಶಲಕರ್ಮಿ ಶಾಹ್ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂತು. ಹಾಗೆಂದು ಎಲ್ಲ ಕುಶಲಕರ್ಮಿಗಳ ಮನೆಯ ಒಲೆ ಚೆನ್ನಾಗಿ ಉರಿಯುತ್ತಿದೆ ಎಂದು ಅರ್ಥವಲ್ಲ. ಬೆಳ್ಳಿಯ ಬೆಲೆ ಏರಿದಾಗಲೆಲ್ಲ ಕೆಲಸ ಕಡಿಮೆಯಾಗುತ್ತದೆ, ಮಕ್ಕಳು ಬೇರೆ ದುಡಿಮೆ ಹುಡುಕುತ್ತಾರೆ ಎಂದು ಉಸ್ತಾದರು ಹೇಳಿದರು.

ಪಾನ್‌ದಾನನ್ನು ಮರುದಿನ ಕೊಡುತ್ತೇನೆಂದರು. ಆ ಬಿಡುವಿನಲ್ಲಿ ಕೋಟೆಯ ರಂಗೀನ್ ಮಹಲ್ ನೋಡಿದೆವು. ಬಾಗಿಲಿಗೆ ಬೀಗವಿತ್ತು, ಕಾವಲಿನವರನ್ನು ಕೇಳಿದ ಮೇಲೆ ತೆರೆದರು. ನೀವೂ ಕೇಳಿ ನೋಡಿ, ಬಿಟ್ಟು ಬರಬೇಡಿ. ಕರಿಕಲ್ಲಿನಲ್ಲಿ ಮುತ್ತಿನ ಚಿಪ್ಪನ್ನು ಕೂರಿಸಿದ ಕೆಲಸ, ಕಲ್ಲಿನ ಬಿದ್ರಿಯಂತೆಯೇ ಇದೆ. ಸಂಜೆ ಅಷ್ಟೂರಿನ ಗೋರಿಗಳ ಕಡೆಗೆ ಹೋದೆವು. ಅಹ್ಮದ್ ಶಾಹ್ ವಲಿಯ ಗೋರಿಯ ಒಳಗೋಡೆಯ ತುಂಬ ಬಣ್ಣದ ಲಿಪಿಗಳು, ಬಳ್ಳಿಗಳು. ಅವನ ಉರೂಸ್ ನಡೆಯುವುದು ಹಿಂದೂ ಪಂಚಾಂಗದ ಲೆಕ್ಕದಲ್ಲಿ, ಹೋಳಿಯ ನಂತರ. ಲಿಂಗಾಯತ ಜಂಗಮರೂ ಅದರಲ್ಲಿ ಭಾಗವಹಿಸುತ್ತಾರೆ. ಸುತ್ತಲಿನ ಹಳ್ಳಿಗರಲ್ಲಿ ಅವನನ್ನು ಅಲ್ಲಮಪ್ರಭುವಿನ ಅವತಾರ ಎನ್ನುವವರಿದ್ದಾರೆ. ಇಂತಹ ಆಚರಣೆಗಳ ಬಗ್ಗೆ ನಿಮ್ಮ ಅಭಿಪ್ರಾಯ ಏನೇ ಇರಲಿ, ನನಗೂ ನನ್ನದು ಇದೆ. ಆದರೆ ಇರಾನಿನಿಂದ ಪೀರರನ್ನು ಕರೆಸಲು ಹೊರಟ ಸುಲ್ತಾನ ಕೊನೆಗೆ ಕಲ್ಯಾಣದ ನೆರೆಯ ಜನರ ನೆನಪಿನಲ್ಲಿ ಹೀಗೆ ಉಳಿದದ್ದನ್ನು ಭೂಗೋಳದ ಮೇಷ್ಟ್ರಮ್ಮ ಗಮನಿಸದೆ ಇರಲಾರಳು.

ಹೊರಡುವ ದಿನ ಪಾನ್‌ದಾನ್ ಬಂತು. ಕಾಡಿಗೆಯಂತಹ ಕಪ್ಪು, ಅದರ ಮೇಲೆ ಬೆಳ್ಳಿ ಬಳ್ಳಿ. ಮುಚ್ಚಳದ ಅಂಚಿನ ಒಂದು ಹೂವಿನ ಎರಡು ಎಸಳು ಮಾತ್ರ ಮಸುಕು. ನನ್ನ ತೆಂಗಿನ ನಾರು ಅಲ್ಲಿ ತಂತಿಯನ್ನು ತೆಳ್ಳಗೆ ಮಾಡಿತ್ತು. ಹೊಸ ತಂತಿ ಕೂರಿಸಬಹುದು, ಆದರೆ ಹಳೆಯ ಕೈಯ ಕೆಲಸ ಹೋಗುತ್ತದೆ, ಬಿಡಿ ಎಂದರು ಉಸ್ತಾದರು. ಹಣ ತೆಗೆದುಕೊಳ್ಳಲು ಒಪ್ಪಲಿಲ್ಲ, ಒತ್ತಾಯ ಮಾಡಿ ಕೊಟ್ಟೆ. ನಿಮ್ಮ ಮನೆಯಲ್ಲೂ ಬಿದ್ರಿ ಇದ್ದರೆ ಹುಣಿಸೆ, ಲಿಂಬೆ, ಬೂದಿ, ಸೋಪಿನ ಪುಡಿ ಯಾವುದೂ ಬೇಡ. ಮೆತ್ತಗಿನ ಬಟ್ಟೆಗೆ ಒಂದು ತೊಟ್ಟು ತೆಂಗಿನೆಣ್ಣೆ ಸಾಕು.

ಡಬ್ಬಿಯನ್ನು ಸೊಸೆಯ ಕೈಗಿಟ್ಟೆ. ತಪ್ಪಾಯಿತು ಎಂದು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತು ಬಾಯಿಗೆ ಬರಲಿಲ್ಲ. ಅವಳು ಮುಚ್ಚಳ ತೆರೆದು ಮೂಸಿ ನೋಡಿದಳು. "ಅಜ್ಜಿಯ ವಾಸನೆ ಹೋಗಿದೆ ಉಮ್ಮಾ" ಎಂದಳು. ಸಿಟ್ಟಿನಿಂದಲ್ಲ, ಇದ್ದದ್ದನ್ನು ಹೇಳಿದಳು.

ರೈಲಿನಲ್ಲಿ ಮಗು ಅಳತೊಡಗಿತು. ಅವಳು ಬ್ಯಾರಿಯಲ್ಲಿ ಸಮಾಧಾನ ಮಾಡಲು ತಡವರಿಸುತ್ತಿದ್ದಳು, ನನ್ನ ಮುಖ ನೋಡಿಕೊಂಡು. ನಾನು ಮಗುವನ್ನು ಎತ್ತಿಕೊಂಡು, "ರೋ ನಕ್ಕೋ, ರೋ ನಕ್ಕೋ" ಎಂದೆ. ನನ್ನ ಉಚ್ಚಾರ ಕೇಳಿ ಎದುರಿನ ಸೀಟಿನ ಹೆಂಗಸು ನಕ್ಕರು. ಸೊಸೆ ಕಿಟಕಿಯ ಕಡೆ ತಿರುಗಿದಳು, ಅವಳ ಭುಜ ಅಲುಗುತ್ತಿತ್ತು. ನಗುತ್ತಿದ್ದಳೆಂದೇ ನನ್ನ ಭಾವನೆ.

ಪಾನ್‌ದಾನ್ ಈಗ ನಮ್ಮ ನಡುಮನೆಯ ಕಪಾಟಿನಲ್ಲಿದೆ. ನಮ್ಮ ಮನೆಯಲ್ಲಿ ಎಲೆ ಅಡಿಕೆ ತಿನ್ನುವವರಿಲ್ಲ. ಸುಣ್ಣ, ಕಾಚು, ಅಡಿಕೆ ಇಡಬೇಕಾದ ಪುಟ್ಟ ಮನೆಗಳಲ್ಲಿ ಮಗುವಿನ ಕಾಲ್ಗೆಜ್ಜೆ, ಸುರುಮದ ಕಡ್ಡಿ, ಮಡಚಿದ ಲಸಿಕೆ ಚೀಟಿ ಇವೆ. ವಾರಕ್ಕೊಮ್ಮೆ ಎಣ್ಣೆಬಟ್ಟೆಯಿಂದ ಅದನ್ನು ಒರೆಸುವುದು ನನ್ನ ಕೆಲಸ.